ಅಪ್ಪ ಅಮ್ಮನ್ನ ಮನೆ ಥರದ ಇಟಾಲಿಯನ್ ಹೋಟೆಲ್‌ಗೆ ಕರ್ಕೊಂಡ್ ಹೋಗ್ತಿದೀನಿ, ಏನ್ ಆರ್ಡರ್ ಮಾಡ್ಲಿ?

ಕುವೆಂಪುನಗರದ ಮಗಳು:

ಎಲ್ರಿಗೂ ನಮಸ್ಕಾರ. ಬರೋ ಭಾನುವಾರಕ್ಕೆ ನಮ್ಮಪ್ಪ ಅಮ್ಮನ ಮದುವೆ ಆಗಿ 40 ವರ್ಷ ತುಂಬುತ್ತೆ. ಪ್ರತಿ ಸಲ ಅದೇ ಹೋಟೆಲ್ ಅದೇ ಬಾಳೆಎಲೆ ಊಟ, ಈ ಸಲ ಬೇರೆ ಎಲ್ಲಾದ್ರೂ ಹೋಗೋಣ ಅಂತ ಅಮ್ಮನೇ ಬಾಯ್ಬಿಟ್ಟು ಕೇಳಿದ್ದಾರೆ, ಮೊಬೈಲ್‌ನಲ್ಲಿ ಯಾರೋ ಇಟಲಿ ಅಜ್ಜಿ ಮಣೆ ಮೇಲೆ ಹಿಟ್ಟು ಲಟ್ಟಿಸಿ ಪಾಸ್ತಾ ಕತ್ತರಿಸೋದ್ ನೋಡಿದ್ರಂತೆ, ಅವತ್ತಿಂದ ಅದೇ ಮಾತು. ಗೋಕುಲಂನಲ್ಲಿ ಒಂದು ಹಳೇ ಮನೇಲೇ ಇಟಾಲಿಯನ್ ಅಡುಗೆ ಮಾಡ್ತಾರಲ್ಲ, ಐದಾರ್ ಟೇಬಲ್ ಅಷ್ಟೇ, ಅಲ್ಲಿಗೆ ಕರ್ಕೊಂಡ್ ಹೋಗೋಣ ಅಂತಿದೀನಿ.

ಭಯ ಏನಂದ್ರೆ, ಹೋದ್ ವರ್ಷ ಬೇರೆ ಒಂದ್ ಕಡೆ (ಹೆಸರು ಬೇಡ) ಅಪ್ಪನ್ನ ಕರ್ಕೊಂಡ್ ಹೋಗಿದ್ದೆ. ಪಾಸ್ತಾ ಬಂತು, ಒಂದ್ ತುತ್ತು ತಿಂದು "ಇದು ಬೆಂದಿಲ್ಲ ಮಗಳೇ" ಅಂದ್ರು. ವೇಟರ್‌ಗೆ ಹೇಳಿದ್ರೆ "ಇದು ಹಿಂಗೇ ಇರೋದು ಮೇಡಂ" ಅಂದು ಹೋಗೇಬಿಟ್ಟ, ಅಪ್ಪ ತಟ್ಟೆ ಆ ಕಡೆ ಸರ್ಸಿ ಸುಮ್ನೆ ಕೂತ್ರು. ಆ ಮುಖ ನಂಗೆ ಇನ್ನೂ ಮರ್ತಿಲ್ಲ. ಅಪ್ಪಂಗೆ 71, ಕೆಳಗಡೆ ಹಲ್ಲಿನ ಸೆಟ್ಟು, ಖಾರ ಇಲ್ದೆ ಊಟ ಸೇರಲ್ಲ. ಅಮ್ಮ ಮೊಟ್ಟೆ ಮುಟ್ಟಲ್ಲ. ಹೋಗಿರೋರು ದಯವಿಟ್ಟು ಹೇಳಿ, ಕರ್ಕೊಂಡ್ ಹೋಗ್ಲಾ ಬೇಡ್ವಾ?

ಯಾದವಗಿರಿ ಮನೆಯವರು:

ಧಾರಾಳವಾಗಿ ಹೋಗಿ. ನಾವು ನಮ್ಮತ್ತೇನ ಕರ್ಕೊಂಡ್ ಹೋಗಿದ್ವಿ, ಅವ್ರು ನಿಮ್ಮಪ್ಪಂಗಿಂತ ದೊಡ್ಡೋರು. ಜಗಲೀಲಿ ಚಪ್ಪಲಿ ಬಿಟ್ಟು ಒಳಗ್ ಹೋದ್ರೆ ರೆಡ್ ಆಕ್ಸೈಡ್ ನೆಲ, ಅಡುಗೆಮನೆ ಬಾಗಿಲು ತೆಗ್ದೇ ಇರುತ್ತೆ, ಒಗ್ಗರಣೆ ವಾಸನೆ ಥರಾನೇ ಬೆಳ್ಳುಳ್ಳಿ ಎಣ್ಣೇಲಿ ಬೇಯೋ ವಾಸನೆ ಬರುತ್ತೆ. ಮೆನು ಕಾರ್ಡ್ ಅಂತ ಏನೂ ಇಲ್ಲ, ಅವತ್ತು ಏನ್ ಮಾಡಿದ್ದಾರೋ ಹಲಗೆ ಮೇಲೆ ಬರ್ದಿರ್ತಾರೆ, ನಾಲ್ಕೋ ಐದೋ ಇರುತ್ತೆ.

ಮೊದ್ಲು ಮಿನೆಸ್ತ್ರೋನೆ ತಗೊಳ್ಳಿ, ತರಕಾರಿ ಕಾಳು ಎಲ್ಲಾ ಹಾಕಿ ಬೇಯಿಸಿರೋ ಗಟ್ಟಿ ಸೂಪು. ನಮ್ಮತ್ತೆ ಎರಡ್ ಚಮಚ ಕುಡ್ದು "ಹುಳಿಗೆ ಪುಡಿ ಹಾಕೋ ಮುಂಚೆ ಎತ್ತಿಟ್ಟಂಗಿದೆ, ಆದ್ರೆ ರುಚಿಯಾಗಿದೆ" ಅಂದು ಪೂರ್ತಿ ಕುಡಿದ್ರು. ಆಮೇಲೆ ಬದನೆಕಾಯಿ ಪಾರ್ಮಿಜಾನ, ಇದನ್ನ ಬಿಡ್ಲೇಬೇಡಿ. ಬದನೆಕಾಯಿ ಬಿಲ್ಲೆ ಕರ್ದು, ಟೊಮ್ಯಾಟೋ ಗೊಜ್ಜು, ಚೀಸು ಒಂದರ ಮೇಲೊಂದ್ ಪದರ ಹಾಕಿ ಓವನ್‌ನಲ್ಲಿ ಬೇಯಿಸ್ತಾರೆ, ಹಲ್ಲೇ ಬೇಡ ಅದಕ್ಕೆ, ಬಾಯಲ್ಲಿ ಕರಗುತ್ತೆ. ಬದನೆಕಾಯಿ ದೇವರಾಜ ಮಾರ್ಕೆಟ್‌ದೇ ಅಂದ್ರು ಅಲ್ಲಿ ಅಡುಗೆ ಮಾಡೋ ಹೆಂಗ್ಸು.

ಒಂದೇ ವಿಷ್ಯ, ಹಿಂದಿನ ದಿನಾನೇ ಫೋನ್ ಮಾಡಿ ಹೇಳಿ. ಇಬ್ಬರೇ ಅಡುಗೆ ಮಾಡೋದು, ಸುಮ್ನೆ ಹೋಗಿ ನಿಂತ್ರೆ ಜಾಗ ಇರಲ್ಲ.

ಹೆಬ್ಬಾಳ ಸೆಕೆಂಡ್ ಸ್ಟೇಜ್:

ನಂಗೆ ಅಷ್ಟೇನ್ ಹಿಡಿಸ್ಲಿಲ್ಲ, ಇದ್ದಿದ್ ಹೇಳ್ತೀನಿ. ಹೇಳಿ ಮುಕ್ಕಾಲ್ ಗಂಟೆ ಆದ್ಮೇಲೆ ಊಟ ಬಂತು, ಮಕ್ಕಳು ಹಸಿವಿಗೆ ಅಳೋಕ್ ಶುರು ಮಾಡಿದ್ರು, ಬಂದಿದ್ದೂ ಸ್ವಲ್ಪಾನೇ. ಅಡುಗೆ ಚೆನ್ನಾಗಿತ್ತು, ಅದನ್ನ ಇಲ್ಲ ಅನ್ನಲ್ಲ. ನಿಮ್ಮಪ್ಪಂಗೆ ಶುಗರ್ ಇದ್ದು ಟೈಮ್‌ಗೆ ಊಟ ಆಗ್ಬೇಕಿದ್ರೆ ಮನೇಲೇ ಏನಾದ್ರೂ ತಿನ್ಸಿ ಕರ್ಕೊಂಡ್ ಹೋಗಿ.

ಒಲೆ ಮುಂದೆ 12 ವರ್ಷ:

ನಾನು ಇದೇ ಕೆಲ್ಸ ಮಾಡೋನು ಮೇಡಂ, ಬೆಂಗಳೂರಲ್ಲಿ ಇಟಾಲಿಯನ್ ಕಿಚನ್‌ನಲ್ಲಿದ್ದು ಈಗ ಮೈಸೂರಿಗ್ ಬಂದಿದೀನಿ. ನಿಮ್ಮಪ್ಪ ಹೇಳಿದ್ದು ತಪ್ಪಲ್ಲ, ಆ ವೇಟರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಇಟಲೀಲಿ ಪಾಸ್ತಾ "ಅಲ್ ದೆಂತೆ" ಅಂತ ಬೇಯಿಸ್ತಾರೆ, ಅಂದ್ರೆ ಹಲ್ಲಿಗೆ ಸ್ವಲ್ಪ ಸಿಗ್ಬೇಕು. ಪುಳಿಯೋಗರೆಗೆ ಅನ್ನ ಉದುರುದುರಾಗಿ ಬೇಕು, ಬಿಸಿಬೇಳೆಬಾತ್‌ಗೆ ಮೆತ್ತಗ್ ಬೇಕು ಅಲ್ವಾ, ಅವ್ರದ್ದು ಪುಳಿಯೋಗರೆ ಲೆಕ್ಕ. ಆದ್ರೆ ದೊಡ್ಡೋರು ಕೇಳಿದ್ರೆ ಇನ್ನೊಂದೆರಡು ನಿಮಿಷ ಬೇಯ್ಸಿ ಕೊಡೋಕೆ ಏನ್ ಕಷ್ಟ? ಆರ್ಡರ್ ಕೊಡ್ವಾಗ್ಲೇ ಹೇಳ್ಬಿಡಿ, ಮೆತ್ತಗ್ ಮಾಡಿ ಅಂತ. ಅಪ್ಪಂಗೆ ಪೆನ್ನೆ ಅರಬ್ಬಿಯಾತ ಹೇಳಿ, ಕೊಳವೆ ಥರದ ಪಾಸ್ತಾಗೆ ಟೊಮ್ಯಾಟೋ ಬೆಳ್ಳುಳ್ಳಿ ಒಣಮೆಣಸಿನಕಾಯಿ ಹಾಕಿರೋದು. ಅರಬ್ಬಿಯಾತ ಅಂದ್ರೇನೇ ಸಿಟ್ಟು ಬಂದಿರೋದು ಅಂತ, ಖಾರಕ್ಕೆ ಆ ಹೆಸ್ರು.

ಇನ್ನು ಅಮ್ಮನ ವಿಷ್ಯ, ಇದನ್ನ ಸರಿಯಾಗ್ ಕೇಳಿಸ್ಕೊಳ್ಳಿ. ಆ ಅಜ್ಜಿ ವಿಡಿಯೋದಲ್ಲಿ ಲಟ್ಟಿಸೋ ಹಸಿ ಪಾಸ್ತಾ ಇದ್ಯಲ್ಲ, ಉತ್ತರ ಇಟಲಿ ಕಡೇದಾದ್ರೆ ಅದ್ರಲ್ಲಿ ಮೊಟ್ಟೆ ಇರುತ್ತೆ, 100 ಗ್ರಾಂ ಮೈದಾಗೆ ಒಂದು ಮೊಟ್ಟೆ ಅನ್ನೋದೇ ಅವ್ರ ಲೆಕ್ಕ. ಆದ್ರೆ ದಕ್ಷಿಣದ ಕಡೆ, ಪೂಲ್ಯ ಅಂತ ಇದೆ, ಅಲ್ಲಿ ಬರೀ ಗೋಧಿ ರವೆ ಹಿಟ್ಟು ನೀರಲ್ಲಿ ಕಲ್ಸಿ ಹೆಬ್ಬೆರಳಲ್ಲಿ ಒತ್ತಿ ಮಾಡ್ತಾರೆ, ಓರೆಕ್ಕಿಯೆತ್ತೆ, ಪುಟ್ಟ ಕಿವಿ ಥರ ಇರುತ್ತೆ. ಅದಾದ್ರೆ ಅಮ್ಮ ತಿನ್ಬಹುದು, ಕೈಯಲ್ಲಿ ಮಾಡಿರೋದು ತಿಂದಂಗೂ ಆಗುತ್ತೆ, ಫೋನ್ ಮಾಡ್ವಾಗ್ಲೇ ಕೇಳ್ಕೊಳ್ಳಿ. ಇನ್ನು ಸಿಹಿ ವಿಷ್ಯ, ತಿರಮಿಸುನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಪನ್ನಾ ಕೋತಾ ಬರೀ ಹಾಲಿನ ಕೆನೆ ಅಂದ್ಕೊಂಡು ತಿನ್ಸ್ಬೇಡಿ, ಸಾಮಾನ್ಯವಾಗಿ ಜೆಲಟಿನ್ ಹಾಕಿರ್ತಾರೆ, ಅದು ಪ್ರಾಣಿ ಮೂಳೆ ಚರ್ಮದಿಂದ ಬರೋದು. ಇಟಲಿಯ ಅಸಲಿ ಪಾರ್ಮಿಜಾನೋ ಚೀಸೂ ಅಷ್ಟೇ, ಹಾಲು ಒಡ್ಸೋಕೆ ಕರುವಿನ ಹೊಟ್ಟೆಯಿಂದ ತೆಗ್ದ ರೆನೆಟ್ ಹಾಕ್ತಾರೆ. ವೆಜ್ ರೆನೆಟ್‌ನಲ್ಲಿ ಮಾಡಿರೋ ಚೀಸ್ ಇಲ್ಲೂ ಸಿಗುತ್ತೆ, ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇರುತ್ತೆ, ತೋರ್ಸಿ ಅಂತ ಸಂಕೋಚ ಇಲ್ದೆ ಕೇಳಿ. ನಾನಂತೂ ಯಾರಾದ್ರೂ ಕೇಳಿದ್ರೆ ಖುಷಿಯಾಗಿ ತೋರಿಸ್ತಿದ್ದೆ. ಗೊತ್ತಿಲ್ದೆ ತಿಂದು ಆಮೇಲೆ ತಿಳಿದ್ರೆ ಆ ಜೀವಕ್ಕೆ ಎಷ್ಟ್ ಸಂಕಟ ಆಗುತ್ತೆ ಹೇಳಿ.

ಮದ್ದೂರ್ ಕಡೆಯವ:

ಕಂಪ್ನಿ ಕೆಲ್ಸುಕ್ಕೆ ಅಂತ ನಾನು ಬೆರ್ಗಾಮೋ ಹತ್ರ ಐದ್ ತಿಂಗ್ಳು ಇದ್ದೆ ಕಣಕ್ಕ. ಮೊದಲ್ನೇ ವಾರ ಏನೂ ಸೇರ್ದೆ ಒದ್ದಾಡೋಗಿದ್ದೆ. ಒಂದಿನ ಜೊತೇಲ್ ಕೆಲ್ಸ ಮಾಡೋರು ಮನೆಗ್ ಕರುದ್ರು, ಹೋಗ್ ನೋಡುದ್ರೆ ಅವ್ರವ್ವ ತಾಮ್ರದ್ ಪಾತ್ರೇಲಿ ಮುಸುಕಿನ ಜೋಳದಿಟ್ಟು ಹಾಕ್ಕಂಡು ದೊಣ್ಣೆ ತಕ್ಕಂಡು ತಿರುವ್ತಾ ಅವ್ರೆ, ಮುಕ್ಕಾಲ್ ಗಂಟೆ ತಿರುವುದ್ರು, ಆಮೇಲೆ ಮರದ್ ಹಲ್ಗೆ ಮ್ಯಾಲೆ ಮಗುಚಿ ದಾರ ಹಿಡ್ದು ಕುಯ್ದು ಬಡ್ಸುದ್ರು. ಪೊಲೆಂತ ಅಂತ ಅದ್ರೆಸ್ರು. ನಂಗೆ ನಮ್ಮವ್ವ ಮುದ್ದೆ ತೊಳ್ಸದೇ ಕಣ್ಮುಂದೆ ಬಂದ್ಬುಡ್ತು, ಗಂಟ್ಲು ಕಟ್ಕತು. ಮುಸುಕಿನ ಜೋಳ ಅಮೆರಿಕದಿಂದ ಬರಕ್ ಮುಂಚೆ ಅಲ್ಲಿ ನವಣೆ ಥರುದ್ ಕಿರುಧಾನ್ಯದಲ್ಲೇ ಇದ್ನ ಮಾಡೋರಂತೆ. ಬಡವ್ರು ಬರೀ ಅದ್ನೇ ತಿಂದು ಪೆಲಾಗ್ರ ಅನ್ನೋ ಕಾಯ್ಲೆ ಬಂದು ಶಾನೆ ಜನ ಸತ್ತೂ ಅವ್ರೆ.

ಗೋಕುಲಂನವ್ರು ಪೊಲೆಂತ ಮಾಡ್ತಾರಾ ಕೇಳ್ಬುಡಿ. ನಿಮ್ಮಪ್ಪಂಗೆ ಅಗಿಯೋ ಕಷ್ಟಾನೇ ಇರಾಕಿಲ್ಲ. ಇಟಲೀಲಿ ಊಟದ್ ಕೊನೇಲಿ ತಟ್ಟೇಲಿ ಉಳ್ದಿರೋ ಗೊಜ್ಜನ್ನ ಬ್ರೆಡ್ ತುಂಡಲ್ಲಿ ಬಳ್ದು ತಿಂತಾರೆ, ಸ್ಕಾರ್ಪೆತ್ತ ಅಂತಾರೆ, ಮನೆ ಊಟದಲ್ಲಿ ಅದು ಮರ್ಯಾದೆ ಕಮ್ಮಿ ಅಂತ ಯಾರೂ ಅನ್ಕಳಲ್ಲ. ನಾವು ಎಲೆ ಬಳ್ದಂಗೇ. ಅಪ್ಪಂಗೆ ಫೋರ್ಕು ಕೊಟ್ಟು ಹಿಂಸೆ ಮಾಡ್ಬೇಡಿ, ಬ್ರೆಡ್ ಕೊಡಿ.

ಕುವೆಂಪುನಗರದ ಮಗಳು:

ಹೋಗ್ ಬಂದ್ವಿ! ಎಲ್ರಿಗೂ ಎಷ್ಟ್ ಥ್ಯಾಂಕ್ಸ್ ಹೇಳಿದ್ರೂ ಸಾಲಲ್ಲ. ಶುಕ್ರವಾರಾನೇ ಫೋನ್ ಮಾಡಿ ಮೊಟ್ಟೆ, ಚೀಸು, ಹಲ್ಲು ಎಲ್ಲಾ ಹೇಳಿದ್ದೆ. ಪೊಲೆಂತ ಇರ್ಲಿಲ್ಲ. ಆದ್ರೆ ಅಮ್ಮಂಗೋಸ್ಕರ ಆ ಕಿವಿ ಪಾಸ್ತಾ ಮಾಡಿದ್ರು, ಚೀಸ್ ಪ್ಯಾಕೆಟ್ಟನ್ನ ನಾನ್ ಕೇಳೋ ಮುಂಚೆ ಅವ್ರೇ ತಂದ್ ತೋರ್ಸಿದ್ರು. ಅಮ್ಮನ್ನ ಅಡುಗೆಮನೆಗೂ ಕರೆದ್ರು, ಅಮ್ಮ ಸೆರಗು ಸಿಕ್ಕಿಸ್ಕೊಂಡು ನಾಲ್ಕು ಒತ್ತಿದ್ರು, ಮೂರನೇದು ಸರಿಯಾಗ್ ಬಂತು. ಪಾಸ್ತಾ ಬೇಯ್ಸಿದ್ ನೀರನ್ನ ಚೆಲ್ದೆ ಸ್ವಲ್ಪ ಗೊಜ್ಜಿಗೆ ಹಾಕಿದ್ದು ನೋಡಿ "ನೋಡು, ಅವ್ರೂ ಗಂಜಿ ಚೆಲ್ಲಲ್ಲ" ಅಂದ್ರು.

ಅಪ್ಪ ಅರಬ್ಬಿಯಾತ ಪೂರ್ತಿ ತಿಂದ್ರು, ಇನ್ನೊಂದ್ ಸ್ವಲ್ಪ ಖಾರ ಇರ್ಬಹುದಿತ್ತು ಅಂದ್ರು, ಅವ್ರು ಎಣ್ಣೇಲಿ ನೆನೆಸಿರೋ ಮೆಣಸಿನಕಾಯಿ ಬಟ್ಟಲು ತಂದಿಟ್ರು. ಕೊನೇಲಿ ಬ್ರೆಡ್ ತಗೊಂಡು ಬದನೆಕಾಯಿ ತಟ್ಟೇನೂ ಬಳ್ದ್ರು, ನಾನ್ ಹೇಳ್ಕೊಡೋ ಮುಂಚೇನೇ.

ಈಗ ಅಮ್ಮ ಆ ಬದನೆಕಾಯಿದು ಮನೇಲಿ ಮಾಡ್ಬೇಕಂತೆ. ನಮ್ಮನೇಲಿ ಓವನ್ ಇಲ್ಲ. ದಪ್ಪ ತಳದ ಬಾಣಲೇಲಿ ಮುಚ್ಚಳ ಮುಚ್ಚಿ ಸಣ್ಣ ಉರೀಲಿ ಇಟ್ರೆ ಆಗುತ್ತಾ? ಒಲೆ ಮುಂದೆ ಅಣ್ಣ, ಸ್ವಲ್ಪ ಹೇಳಿ ಪ್ಲೀಸ್.