ಅಜ್ಜಿಯ ಮಜ್ಜಿಗೆ

ದೊಡ್ಡಪ್ಪ: *ಫಾರ್ವರ್ಡ್* ಹಾಲು ರಕ್ತವನ್ನು ಹುಳಿಯಾಗಿಸುತ್ತದೆ. ಆ ಹುಳಿ ತಣಿಸಲು ದೇಹ ಮೂಳೆಯ ಸುಣ್ಣವನ್ನೇ ಕರಗಿಸುತ್ತದೆ. ಇಂದೇ ಹಾಲು ಬಿಡಿ. ಎಲ್ಲರಿಗೂ ಕಳುಹಿಸಿ.

ಚಿಕ್ಕಮ್ಮ: ಭಾವ, ಕಳೆದ ವಾರವೂ ನೀವು ಇದನ್ನೇ ಹಾಕಿದ್ದಿರಿ. ಸೋಮವಾರದಿಂದ ಅತ್ತೆಗೆ ಹಾಲು, ಮಜ್ಜಿಗೆ ಎರಡನ್ನೂ ನಿಲ್ಲಿಸಿದ್ದೇನೆ.

ಸುಧಾ: ಅಯ್ಯೋ, ಇವತ್ತೇ ಮತ್ತೆ ಕೊಡಿ ಚಿಕ್ಕಮ್ಮ! ಅಜ್ಜಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ಎರಡು ತಿಂಗಳೂ ಆಗಿಲ್ಲ. ದೊಡ್ಡಪ್ಪ, ರಕ್ತದ ಆಮ್ಲ-ಕ್ಷಾರದ ಹದವನ್ನು ಶ್ವಾಸಕೋಶ, ಮೂತ್ರಪಿಂಡಗಳು ಕಾಯುತ್ತವೆ. ಒಂದು ಲೋಟ ಹಾಲಿಗೆ ಅದು ಕೆಡುವುದಿಲ್ಲ.

ದೊಡ್ಡಪ್ಪ: ನಮ್ಮವ್ವ ಹಾಲು ಕುಡಿದು ಗಟ್ಟಿಯಾದವಳೇ ಸುಧಾ? ಕರೆದದ್ದನ್ನೆಲ್ಲ ಡೇರಿಗೆ ಹಾಕಿ, ತಾನು ಮುದ್ದೆ ಉಂಡು, ಎಪ್ಪತ್ತರವರೆಗೆ ಹುಲ್ಲಿನ ಹೊರೆ ಹೊತ್ತಳು.

ಸುಧಾ: ಮುದ್ದೆಯ ಮಾತು ನಿಜ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆ ರಾಗಿ, ಆ ಬಿಸಿಲು, ಆ ಹೊರೆ ಸೇರಿ ಅಜ್ಜಿಯ ಮೂಳೆ ಗಟ್ಟಿಯಾಗಿತ್ತು. ಈಗ ಮೂರನೆಯ ಮಹಡಿಯಲ್ಲಿ ಅನ್ನ, ತಿಳಿಸಾರು ಉಂಡು ಕುಳಿತಿರುತ್ತಾರೆ. ಬಿಸಿಲಿಲ್ಲದೆ ವಿಟಮಿನ್ ಡಿ ಇಲ್ಲ, ಅದಿಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಇದ್ದ ಮಜ್ಜಿಗೆಯನ್ನೂ ತಪ್ಪಿಸಿದರೆ ಎಲ್ಲಿಂದ ತರುವುದು?

ಚಿಕ್ಕಪ್ಪ: ದಿನವೂ ಪಾಲಕ್ ಸೂಪ್ ಕೊಡುತ್ತಿದ್ದೇವಲ್ಲ.

ಸುಧಾ: ಪಾಲಕ್‌ನ ಕ್ಯಾಲ್ಸಿಯಂ ಅನ್ನು ಅದರಲ್ಲಿರುವ ಆಕ್ಸಲೇಟ್ ಬಿಡುವುದಿಲ್ಲ ಚಿಕ್ಕಪ್ಪ. ನೂರಕ್ಕೆ ಐದರಷ್ಟು ಮೈಗೆ ಹತ್ತಿದರೆ ಹೆಚ್ಚು. ಹಾಲಿನದು ಮೂವತ್ತರಷ್ಟು ಹತ್ತುತ್ತದೆ. ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ ಮಾಡಿ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಅದರಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಎಂಬ ಅಂಶ ಕಡಿಮೆಯಾಗಿ ಕ್ಯಾಲ್ಸಿಯಂ ಇನ್ನಷ್ಟು ಸಿಗುತ್ತದೆ. ಉಪ್ಪಿನಕಾಯಿ, ಹಪ್ಪಳಕ್ಕೆ ಮಾತ್ರ ಕಡಿವಾಣ ಇರಲಿ, ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ.

ದೊಡ್ಡಪ್ಪ: ಪ್ಯಾಕೆಟ್ ಹಾಲಿನ ಮೇಲೆ ನನಗೆ ಈಗಲೂ ನಂಬಿಕೆಯಿಲ್ಲ.

ಸುಧಾ: ಹಾಗಾದರೆ ನಿಮ್ಮ ಕೊಟ್ಟಿಗೆಯ ಹಾಲನ್ನೇ ಕಳುಹಿಸಿ. ಆದರೆ ಇಂಥದ್ದನ್ನು ಹಾಕುವ ಮುನ್ನ ಒಮ್ಮೆ ಯೋಚಿಸಿ ದೊಡ್ಡಪ್ಪ. ನೀವು ಹಿರಿಯರು, ನೀವು ಹಾಕಿದ್ದನ್ನು ಚಿಕ್ಕಮ್ಮ ಎರಡನೆಯ ಮಾತಿಲ್ಲದೆ ನಂಬಿದರು. ನಾಲ್ಕು ದಿನ ಅಜ್ಜಿ ಮಜ್ಜಿಗೆಯಿಲ್ಲದೆ ಉಂಡರು.

ಚಿಕ್ಕಮ್ಮ: ಈಗಲೇ ಮಜ್ಜಿಗೆ ಕಡೆಯುತ್ತೇನೆ. ರಾಗಿ ಎಷ್ಟು ಹೊತ್ತು ನೆನೆಯಬೇಕು?

ದೊಡ್ಡಪ್ಪ: ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಮ್ಮ. ಭಾನುವಾರ ಬರುವಾಗ ಹೊಸ ರಾಗಿ ತರುತ್ತೇನೆ, ಹಾಲನ್ನೂ.