ಅಪ್‌ಡೇಟ್: ಅಪ್ಪನಿಗೆ ಆಗಿದ್ದು ಹುಳುಕಡ್ಡಿ ಅಲ್ಲ, ಸೋರಿಯಾಸಿಸ್

ಅಪ್ಪನ ಮೊಣಕೈ, ತಲೆಯಲ್ಲಿ ಕೆಂಪು ಕಲೆಯಾಗಿ ಬಿಳಿ ಹೊಪ್ಪಳೆ ಏಳುತ್ತಿದೆ, ಏನು ಮಾಡಲಿ ಅಂತ ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೂ ಗೊತ್ತಾಯಿತು, ಅದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ.

ಹುಳುಕಡ್ಡಿ ಮುಲಾಮು ಎರಡು ವಾರ ಹಚ್ಚಿದರೂ ಏನೂ ಆಗಲಿಲ್ಲ. ಬೇವಿನ ಸೊಪ್ಪು ಅರೆದು ಹಚ್ಚಿದ್ದಕ್ಕೆ ಉರಿ ಜಾಸ್ತಿಯಾಯಿತು. "ಸುಮ್ನೆ ಮುಲಾಮು ಬದಲಾಯಿಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ, ಉಗುರನ್ನೂ ನೋಡಲು ಹೇಳಿ" ಅಂದವರ ಮಾತೇ ಕೈಹಿಡಿಯಿತು. ಅವರಿಗೆ ತುಂಬಾ ಥ್ಯಾಂಕ್ಸ್. ಡಾಕ್ಟರು ಹೊಪ್ಪಳೆ ಕೆರೆದು ಪರೀಕ್ಷೆ ಮಾಡಿಸಿದರು, ಹುಳುಕಡ್ಡಿ ತರುವ ಫಂಗಸ್ ಇರಲಿಲ್ಲ. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿದ್ದವು, ಅದೂ ಸೋರಿಯಾಸಿಸ್ ಲಕ್ಷಣವಂತೆ. ನಾವು ಅದನ್ನು ವಯಸ್ಸಿನದು ಅಂದುಕೊಂಡಿದ್ದೆವು! ಬೆಳಿಗ್ಗೆ ಬೆರಳಿನ ಕೀಲು ಬಿಗಿಯುತ್ತಾ ಅಂತಲೂ ಕೇಳಿದರು. ಈ ಕಾಯಿಲೆ ಕೀಲಿಗೂ ಬರಬಹುದಂತೆ.

ಅಪ್ಪನಿಗೆ ಒಳಗೊಳಗೇ ಕುಷ್ಠದ ಭಯ ಇತ್ತು. ಊಟದ ತಟ್ಟೆಯನ್ನೇ ಬೇರೆ ಇಟ್ಟುಕೊಂಡಿದ್ದರು. ಕುಷ್ಠವಾದರೆ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಕಡಿಮೆಯಾಗುತ್ತದಂತೆ. ಡಾಕ್ಟರು ಕಲೆಗೆ ಹತ್ತಿ ಮುಟ್ಟಿಸಿದರು, ಸ್ಪರ್ಶ ಸರಿಯಾಗಿಯೇ ಗೊತ್ತಾಗುತ್ತಿತ್ತು. ಹಿಂದೆ ವೈದ್ಯರೇ ಕುಷ್ಠ, ಸೋರಿಯಾಸಿಸ್ ಎರಡನ್ನೂ ಬೆರೆಸಿಬಿಟ್ಟಿದ್ದರಂತೆ. 1841ರಲ್ಲಿ ವಿಯೆನ್ನಾದ ಚರ್ಮದ ಡಾಕ್ಟರು ಫರ್ಡಿನಾಂಡ್ ಹೆಬ್ರಾ ಎರಡೂ ಬೇರೆ ಅಂತ ಸ್ಪಷ್ಟಪಡಿಸಿದರು. ಅಷ್ಟು ಶತಮಾನ ಎಷ್ಟು ಜನ ಸುಮ್ನೆ ಊರಾಚೆ ಉಳಿದರೋ ಅಂತ ಯೋಚಿಸಿದರೆ ಸಂಕಟವಾಗುತ್ತದೆ, ಅಲ್ವಾ?

ಸೋರಿಯಾಸಿಸ್ ಅಂಟುವುದೇ ಇಲ್ಲ. ಹತ್ತು ದಿನದಿಂದ ಹೊಸ ಮುಲಾಮು ಹಚ್ಚುತ್ತಿದ್ದೇವೆ, ಹೊಪ್ಪಳೆ ಇಳಿಯುತ್ತಿದೆ. ಅಪ್ಪ ಈಗ ನಮ್ಮ ಜೊತೆಗೇ ಕೂತು ಊಟ ಮಾಡುತ್ತಾರೆ.