ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಕೆಲಸ ಮಾತ್ರ ಕದಲುವುದಿಲ್ಲ

ಕೇಳಿದ್ದು, ನಾಗೋಯಾದಿಂದ:
ಬೆಂಗಳೂರಿನಿಂದ ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಎಂಟು ಜನ ಜಪಾನೀಯರ ತಂಡಕ್ಕೆ ನಾನು ಮುಖ್ಯಸ್ಥೆ. ಸಭೆಯಲ್ಲಿ ನಾನು ಹೇಳಿದ್ದಕ್ಕೆಲ್ಲ "ಹಾಯ್, ಹಾಯ್" ಎನ್ನುತ್ತಾರೆ. ವಾರ ಕಳೆದರೂ ಕೆಲಸ ಇದ್ದಲ್ಲೇ ಇರುತ್ತದೆ. ಎದುರಾಡುವವರಿಲ್ಲ, ಮಾಡುವವರೂ ಇಲ್ಲ. ಎಲ್ಲಿ ಎಡವುತ್ತಿದ್ದೇನೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಒಸಾಕಾದಲ್ಲಿ ಹನ್ನೊಂದು ವರ್ಷ ದುಡಿದವನ ಉತ್ತರ:
ಮೇಡಂ, ಆ "ಹಾಯ್" ಒಪ್ಪಿಗೆಯಲ್ಲ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವಲ್ಲ, ಹಾಗೆ. ಕೇಳಿಸಿತು, ಮುಂದೆ ಹೇಳಿ ಎಂದಷ್ಟೇ ಅರ್ಥ.

ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದೆ. ಪರೀಕ್ಷೆಯ ಹೊಸ ವಿಧಾನವೊಂದನ್ನು ನೇರ ಸಭೆಯಲ್ಲೇ ಮುಂದಿಟ್ಟೆ. ಹಿರಿಯರೊಬ್ಬರು ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡು "ಮುಜುಕಶೀ ದೆಸು ನೆ" ಎಂದರು. ಕಷ್ಟವಿದೆ ಎಂಬ ಮಾತು ಅದು. ಕಷ್ಟವನ್ನು ಹೇಗೆ ನಿವಾರಿಸಬಹುದೆಂದು ನಾನು ಅರ್ಧ ಗಂಟೆ ವಿವರಿಸಿದೆ. ಅವರು ಹೇಳಿದ್ದು "ಬೇಡ" ಎಂದು, ಅದು ನನಗೆ ತಿಳಿದಿದ್ದು ತಿಂಗಳ ಮೇಲೆ.

ನಮ್ಮಲ್ಲಿ ನಿಶ್ಚಿತಾರ್ಥದ ದಿನ ಈ ಸಂಬಂಧ ಬೇಕೋ ಬೇಡವೋ ಎಂದು ಯಾರೂ ಚರ್ಚಿಸುವುದಿಲ್ಲ, ಮಾತುಕತೆ ಹಿಂದೆಯೇ ಮುಗಿದಿರುತ್ತದೆ. ಅಲ್ಲಿನ ಸಭೆಗಳೂ ಬಹುಮಟ್ಟಿಗೆ ಹಾಗೆಯೇ. ಆ ಮುಂಚಿನ ಮಾತುಕತೆಗೆ "ನೆಮವಾಶಿ" ಎನ್ನುತ್ತಾರೆ. ಇದು ತೋಟಗಾರಿಕೆಯ ಮಾತು: ದೊಡ್ಡ ಮರವನ್ನು ಬೇರೆಡೆ ನೆಡುವ ಎಷ್ಟೋ ಮುಂಚೆಯೇ ಬೇರಿನ ಸುತ್ತ ಅಗೆದು, ಎಳೆಬೇರು ಒಡೆಯಲು ಬಿಡುವುದು. ಆಮೇಲೆ "ರಿಂಗಿ" ಎಂಬ ಪ್ರಸ್ತಾವಪತ್ರ ಕೆಳಗಿನಿಂದ ಮೇಲಕ್ಕೆ ಒಬ್ಬೊಬ್ಬರ ಮುದ್ರೆ ಪಡೆಯುತ್ತಾ ಹೋಗುತ್ತದೆ. ಹಿರಿತನಕ್ಕೆ ಅಲ್ಲಿ ಬಹಳ ಬೆಲೆ. ಆದರೂ ಹಿರಿಯ ಒಬ್ಬನೇ ಕುಳಿತು ನಿರ್ಧರಿಸಿದರೆ ಯಾರಿಗೂ ಹಿತವೆನಿಸುವುದಿಲ್ಲ. "ಸಾಹೇಬರು ಹೇಳಿದ್ದಾರೆ" ಎಂದರೆ ಕೆಲಸ ಓಡುವ ನಮ್ಮ ಕಚೇರಿಗಳಿಂದ ಹೋದವರಿಗೆ ಇದು ಅರಗುವುದು ನಿಧಾನ.

ಎರಡನೆಯ ಸಲ ಒಂದೇ ಹಾಳೆಯಲ್ಲಿ ಬರೆದುಕೊಂಡು ಮೇಜಿನಿಂದ ಮೇಜಿಗೆ ಹೋದೆ. ಅದೇ ಹಿರಿಯರು ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಒಂದು ಸಾಲು ಸೇರಿಸಿದರು. ಅಂದಿನಿಂದ ಅದು ಅವರದೂ ಯೋಜನೆಯಾಯಿತು. ಒಪ್ಪಿಗೆಗೆ ಮೂರು ವಾರ ಹಿಡಿಯಿತು, ಜಾರಿಗೆ ಹತ್ತು ದಿನ ಸಾಕಾಯಿತು. ನೀವೂ ಪೆನ್ಸಿಲ್ಲಿಗೆ ಜಾಗ ಬಿಟ್ಟು ಬರೆಯಿರಿ, ಹಿರಿಯರಿಂದ ಶುರು ಮಾಡಿ.

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ:
ಇದನ್ನು ಎಲ್ಲ ಹೊರದೇಶಕ್ಕೂ ಅನ್ವಯಿಸಬೇಡಿ. ಇಲ್ಲಿ ಹಾಗೆ ಮೇಜು ಸುತ್ತಿದರೆ ಬೆನ್ನ ಹಿಂದೆ ಏನೋ ನಡೆಸಿದ್ದೀರಿ ಎಂದುಕೊಂಡಾರು. ನನ್ನ ತಂಡದ ಅತಿ ಕಿರಿಯ ಹುಡುಗ ಎಲ್ಲರೆದುರು "ನಿಮ್ಮ ಯೋಜನೆ ತಪ್ಪು" ಎಂದ, ಐದು ನಿಮಿಷದ ನಂತರ ಕಾಫಿಗೆ ಕರೆದ. ಅವನಿಗೆ ಎರಡರಲ್ಲೂ ವಿಶೇಷವಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ನೌಕರರ ಸಮೀಕ್ಷೆಗಳಿಂದ ಅಧಿಕಾರದ ಅಂತರವನ್ನು, ಅಂದರೆ ಮೇಲು-ಕೆಳಗೆಂಬ ಭೇದವನ್ನು ಜನ ಎಷ್ಟರ ಮಟ್ಟಿಗೆ ಸಹಜವೆಂದು ಒಪ್ಪುತ್ತಾರೆಂಬುದನ್ನು, ಅಳೆದಾಗ ಭಾರತಕ್ಕೆ 77, ಜಪಾನಿಗೆ 54, ನೆದರ್‌ಲ್ಯಾಂಡ್ಸ್‌ಗೆ 38 ಅಂಕ ಬಂದಿತ್ತು. ದೇಶದ ಸರಾಸರಿಯಿಂದ ಎದುರಿಗೆ ಕುಳಿತ ಮನುಷ್ಯನನ್ನು ಅಳೆಯಲಾಗದು, ನಿಜ. ಆದರೆ ಆ ರಾತ್ರಿಯ ನನ್ನ ಸಂಕಟಕ್ಕೆ ಅದರಲ್ಲಿ ಕಾರಣ ಸಿಕ್ಕಿತು.

ಬಿಡದಿಯಿಂದ:
ಅಕ್ಕಾ, ನಾನು ಜಪಾನಿ ಪದ್ಧತಿಯ ಕಾರ್ಖಾನೆಯಲ್ಲಿದ್ದೆ. ಲೈನಿನ ಉದ್ದಕ್ಕೂ "ಆಂದೋನ್" ಹಗ್ಗವಿರುತ್ತದೆ. ದೋಷ ಕಂಡ ಯಾರೇ ಆದರೂ ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ನಾಯಕ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಮೊದಲ ವಾರ ನಮ್ಮ ಹುಡುಗರು ಯಾರೂ ಎಳೆಯಲಿಲ್ಲ. ಎಳೆದರೆ ತಪ್ಪು ತನ್ನ ತಲೆಗೆ ಬರುತ್ತದೆಂಬ ಭಯ. ಬಾಗಿಲಿನ ರಬ್ಬರ್ ಬೀಡಿಂಗ್ ಸೊಟ್ಟಗೆ ಕುಳಿತದ್ದನ್ನು ನೋಡಿ ನನ್ನ ಪಕ್ಕದವನ ಕೈ ಎರಡು ಸಲ ಮೇಲೆ ಹೋಗಿ ಕೆಳಗಿಳಿಯಿತು. ಮೂರನೆಯ ಸಲ ಎಳೆದೇಬಿಟ್ಟ. ಓಡಿ ಬಂದ ಜಪಾನಿ ತರಬೇತುದಾರರು "ಯಾರು ಮಾಡಿದ್ದು?" ಎಂದು ಕೇಳಲಿಲ್ಲ. ಬಗ್ಗಿ ಬೀಡಿಂಗ್ ನೋಡಿದರು, ಅವನಿಗೆ ತಲೆಬಾಗಿ ಧನ್ಯವಾದ ಹೇಳಿದರು. ಅಂದು ಮಧ್ಯಾಹ್ನದ ಊಟಕ್ಕೆ ಮುಂಚೆ ಇನ್ನೂ ನಾಲ್ಕು ಸಲ ದೀಪ ಹತ್ತಿತು.